ಲಗ್ನಪತ್ರಿಕೆಗೆ ಮುಂಚಿನ ಕಾಗದ

ಮದುವೆಯೆಂಬ ಮಾತಿನೊಡನೆ ಕನ್ನಡದ ಮನೆಗಳಲ್ಲಿ ಅಚ್ಚಿನ ಕಾಗದವೊಂದು ನೆನಪಿಗೆ ಬರುವುದಾದರೆ ಅದು ಲಗ್ನಪತ್ರಿಕೆ. ಮೂಲೆಗಳಿಗೆ ಅರಿಸಿನ ಹಚ್ಚಿಸಿಕೊಂಡು, ಕುಲದೇವರ ಹೆಸರನ್ನು ನೆತ್ತಿಯಲ್ಲಿ ಹೊತ್ತು, ಹಿರಿಯರ ಹೆಸರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಅದು ಮನೆಗೆ ಬರುತ್ತದೆ. ಅದರ ಧ್ವನಿ ವಿನಯದ್ದು. ಸಕುಟುಂಬ ಸಪರಿವಾರರಾಗಿ ಬಂದು ವಧೂವರರನ್ನು ಹರಸಬೇಕೆಂದು ಅದು ಬೇಡಿಕೊಳ್ಳುತ್ತದೆ. ಆದರೆ ಆ ವಿನಯದ ಬೆನ್ನಿಗೆ ಒಂದು ನಿಶ್ಚಿಂತೆಯಿದೆ. ಮುಹೂರ್ತ ಗೊತ್ತಾಗಿದೆ, ಛತ್ರಕ್ಕೆ ಮುಂಗಡ ಸಂದಿದೆ, ಅಡಿಗೆಯವರಿಗೆ ವೀಳ್ಯ ಕೊಟ್ಟಾಗಿದೆ. ಪತ್ರಿಕೆ ತಲಪಿದವರು ಬಂದರೂ ಮದುವೆ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ. ಊರವರನ್ನು ಅದು ಕರೆಯುವುದು ಊಟಕ್ಕೆ ಮತ್ತು ಹರಕೆಗೆ, ಅಪ್ಪಣೆಗೆ ಅಲ್ಲ.

ಊರವರ ಅಪ್ಪಣೆಯನ್ನು ಬೇಡುವುದಕ್ಕೆಂದೇ ಅಚ್ಚಾದ ಮದುವೆಯ ಕಾಗದಗಳೂ ಲೋಕದಲ್ಲಿ ಉಂಟು. ಅವು 2015ರ ವಸಂತದಲ್ಲಿ ಐರ್ಲೆಂಡ್ ದೇಶದಲ್ಲಿ ಹುಟ್ಟಿದುವು. ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ, ಬಾಗಿಲ ಸಂದಿಯಲ್ಲಿ ತೂರಿಸುವ ಕರಪತ್ರ, ದೀಪದ ಕಂಬಕ್ಕೆ ಕಟ್ಟುವ ಭಿತ್ತಿಪತ್ರ: ಹೀಗೆ ಹಲವು ರೂಪಗಳಲ್ಲಿ ಅವು ಆ ಪುಟ್ಟ ದ್ವೀಪದ ಬೀದಿಗಳನ್ನು ತುಂಬಿದುವು. ಕೆಲವು ವಾರಗಳ ಆಯುಷ್ಯಕ್ಕೆಂದು ಮಾಡಿದ ವಸ್ತುಗಳು ಅವು. ಮತ ಎಣಿಸಿ ಮುಗಿದ ಮೇಲೆ ಅವುಗಳಿಗೆ ಮಾಡಲು ಕೆಲಸವಿರಲಿಲ್ಲ. ಆದರೂ ಕೆಲವರು ಅವನ್ನು ಎಸೆಯದೆ ಇಟ್ಟುಕೊಂಡರು. ಪುಸ್ತಕಭಂಡಾರದವರೂ ಆಯ್ದು ತೆಗೆದಿಟ್ಟರು. ಹಾಗೆ ಉಳಿದ ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದರೆ ಅದರಿಂದ ಏನೇನು ತಿಳಿಯುತ್ತದೆಂದು ನೋಡುವುದು ವ್ಯರ್ಥವಾಗಲಾರದು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಗಂಡಸು ಗಂಡಸನ್ನು ಪ್ರೇಮಿಸಿ ಕೂಡುವುದು ಐರ್ಲೆಂಡಿನಲ್ಲಿ 1993ರವರೆಗೆ ಶಿಕ್ಷಾರ್ಹ ಅಪರಾಧವಾಗಿತ್ತು. ಆಂಗ್ಲರು ಬಿಟ್ಟುಹೋದ ಹಳೆಯ ಕಾನೂನು ಅದು; ಡೇವಿಡ್ ನಾರಿಸ್ ಎಂಬ ವಿದ್ವಾಂಸರು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1988ರಲ್ಲಿ ಅದರ ವಿರುದ್ಧ ತೀರ್ಪು ಪಡೆದ ಮೇಲೆಯೂ ಅದು ತೊಲಗುವುದಕ್ಕೆ ಐದು ವರ್ಷ ಹಿಡಿಯಿತು. ಕೆನಡಾದಲ್ಲಿ 2003ರಲ್ಲಿ ವಿಧಿವತ್ತಾಗಿ ಮದುವೆಯಾಗಿ ಬಂದ ಇಬ್ಬರು ಮಹಿಳೆಯರು, ಕ್ಯಾಥರೀನ್ ಜಪ್ಪೋನ್ ಮತ್ತು ಆನ್ ಲೂಯಿಸ್ ಗಿಲಿಗನ್, ತಮ್ಮ ಮದುವೆಯನ್ನು ಸ್ವದೇಶದಲ್ಲಿಯೂ ಮನ್ನಿಸಬೇಕೆಂದು ಹೂಡಿದ ದಾವೆ 2006ರಲ್ಲಿ ಸೋತಿತು. 2010ರ ಕಾನೂನು ಇಂಥ ಜೋಡಿಗಳಿಗೆ ‘ನಾಗರಿಕ ಸಹಭಾಗಿತ್ವ’ ಎಂಬ ಸಂಬಂಧವನ್ನು ಒಪ್ಪಿತು. ಮದುವೆಯೆಂಬ ಹೆಸರನ್ನು ಕೊಡಲಿಲ್ಲ. ಆ ದೇಶದ 1937ರ ಸಂವಿಧಾನದಲ್ಲಿ ಒಂದಕ್ಷರ ತಿದ್ದಬೇಕಾದರೂ ಜನರೆಲ್ಲರ ಮತ ಕೇಳಬೇಕು. ಒಂದೇ ಲಿಂಗದ ಇಬ್ಬರು ಮದುವೆಯಾಗಬಹುದೆಂಬ ಮಾತನ್ನು ಅದರಲ್ಲಿ ಸೇರಿಸಬೇಕೋ ಬೇಡವೋ ಎಂದು 2015ರ ಮೇ 22ರಂದು ಸುಮಾರು 32 ಲಕ್ಷ ಮತದಾರರನ್ನು ಕೇಳಲಾಯಿತು. ಲೋಕದಲ್ಲಿ ಅದಕ್ಕೆ ಮುಂಚೆ ಈ ಬಗೆಯ ಮದುವೆಯನ್ನು ಒಪ್ಪಿದ ದೇಶಗಳು ಹಲವಿದ್ದುವು. ಮೊದಲನೆಯದು 2001ರಲ್ಲಿ ನೆದರ್‌ಲೆಂಡ್ಸ್. ಆದರೆ ದೇಶದ ಪ್ರಜೆಗಳೆಲ್ಲರ ಮತದಿಂದ ಅದನ್ನು ಒಪ್ಪಿದ ಮೊದಲ ದೇಶ ಐರ್ಲೆಂಡ್.

ಇನ್ನು ಬಿಲ್ಲೆಯ ವಿಷಯ. ಕನ್ನಡನಾಡಿನಲ್ಲಿ ಬಿಲ್ಲೆಯೆಂದರೆ ಬಹುಕಾಲ ಕಚೇರಿಯ ಜವಾನನ ಡವಾಲಿಯ ಮೇಲಿನ ಹಿತ್ತಾಳೆಯ ಬಿಲ್ಲೆ. ಅದನ್ನು ಧರಿಸಿದವನ ಮನಸ್ಸಿನಲ್ಲಿ ಏನಿದೆಯೆಂದು ಆ ಬಿಲ್ಲೆ ಹೇಳುತ್ತಿರಲಿಲ್ಲ. ಅವನು ಯಾರ ಆಳು ಎಂಬುದನ್ನು ಮಾತ್ರ ಹೇಳುತ್ತಿತ್ತು. ಸ್ವಾತಂತ್ರ್ಯದ ಚಳುವಳಿಯಲ್ಲಿ ಸ್ವಯಂಸೇವಕರು ಎದೆಗೆ ಚುಚ್ಚಿಕೊಂಡ ಬಿಲ್ಲೆಯಿಂದ ಆ ವಸ್ತುವಿನ ಅರ್ಥ ತಿರುಗಿತು. ಧರಿಸಿದವನು ತನ್ನ ಇಷ್ಟದಿಂದ, ತನ್ನ ಅಪಾಯದಲ್ಲಿ, ತನ್ನ ಮನಸ್ಸನ್ನು ಬೀದಿಗೆ ತೋರಿಸುವ ವಸ್ತುವಾಯಿತು ಅದು. ಐರ್ಲೆಂಡಿನ ಬಿಲ್ಲೆ ಈ ಎರಡನೆಯ ಜಾತಿಗೆ ಸೇರಿದ್ದು. ‘ಯೆಸ್ ಈಕ್ವಾಲಿಟಿ’ ಎಂಬ ಹೆಸರಿನಲ್ಲಿ ಮೂರು ಸಂಸ್ಥೆಗಳು ಕೂಡಿ ನಡೆಸಿದ ಪ್ರಚಾರದವರು ಅದನ್ನು ಲಕ್ಷಗಟ್ಟಲೆ ಮಾಡಿಸಿ ಹಂಚಿದರು. ತಗಡಿನ ದುಂಡು ಬಿಲ್ಲೆ, ಮೇಲೆ ಅಚ್ಚಾದ ಕಾಗದ, ಹಿಂದೆ ಒಂದು ಪಿನ್ನು; ಬೆಲೆ ಕಟ್ಟುವುದಾದರೆ ಕಾಸಿನ ವಸ್ತು.

ಆದರೆ ಅದನ್ನು ಚುಚ್ಚಿಕೊಳ್ಳುವುದು ಎಲ್ಲರಿಗೂ ಒಂದೇ ಬೆಲೆಯದಾಗಿರಲಿಲ್ಲ. ಯಾವ ಮನುಷ್ಯನು ಮೂವತ್ತು ನಲವತ್ತು ವರ್ಷಗಳ ಕಾಲ ತನ್ನ ಪ್ರೇಮವನ್ನು ನೆರೆಯವರಿಂದ, ಕಚೇರಿಯವರಿಂದ, ಒಡಹುಟ್ಟಿದವರಿಂದ ಮುಚ್ಚಿಟ್ಟುಕೊಂಡು ಬಂದಿದ್ದನೋ ಅವನಿಗೆ ಆ ಒಂದು ಅಂಗುಲದ ತಗಡು ಬಲು ಭಾರ. ಅದನ್ನು ಕೋಟಿಗೆ ಚುಚ್ಚಿಕೊಂಡು ಬಸ್ಸು ಹತ್ತಿದನೆಂದರೆ ಬಸ್ಸಿನಲ್ಲಿರುವವರೆಲ್ಲರ ಕಣ್ಣೂ ತನ್ನ ಎದೆಯ ಮೇಲೆಯೇ ಇದೆಯೆಂದು ಅವನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಇತ್ತ, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡ ಮುದುಕಿಯೊಬ್ಬಳು ಅದನ್ನು ಚುಚ್ಚಿಕೊಂಡರೆ ಅವಳು ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಎದುರಿನ ಆಸನದಲ್ಲಿ ಕುಳಿತ ಮೊದಲಿನವನಿಗೆ ಅದರಿಂದ ಸಿಕ್ಕುವುದು ಅಷ್ಟಿಷ್ಟಲ್ಲ. ಪ್ರಚಾರದವರು ಇದನ್ನು ಚೆನ್ನಾಗಿ ಅರಿತಿದ್ದರೆಂದು ಕಾಣುತ್ತದೆ. ತಾನು ಒಪ್ಪಿಗೆಯ ಮತ ಹಾಕುವೆನು, ಏಕೆಂದು ತನ್ನನ್ನು ಕೇಳಿರಿ, ಎಂಬುದು ಅವರು ಹಂಚಿದ ಮಾತುಗಳಲ್ಲೊಂದು. ವಾದಕ್ಕೆ ಕರೆಯುವ ಮಾತಲ್ಲ ಅದು. ಜಗಲಿಯ ಮೇಲೆ ಕುಳಿತು ಕಥೆ ಕೇಳಲು ಕರೆಯುವ ಮಾತು.

ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಗನು ತನ್ನ ಸಂಗತಿಯನ್ನು ತಂದೆಗೆ ಹೇಳಿ ಹತ್ತು ವರ್ಷವಾಗಿದೆ. ತಂದೆಯು ಕೇಳಿಸಿಕೊಂಡು, ಚಹದ ಬಟ್ಟಲನ್ನು ಕೆಳಗಿಟ್ಟು, ಹಟ್ಟಿಯ ಕಡೆಗೆ ಎದ್ದು ಹೋದವನು ಆ ಮಾತನ್ನು ಮತ್ತೆ ಎತ್ತಿಲ್ಲ. ಮಗನೂ ಎತ್ತಿಲ್ಲ. ಹಬ್ಬಕ್ಕೆ ಬರುತ್ತಾನೆ, ಹವೆಯ ವಿಷಯ, ದನಗಳ ವಿಷಯ ಮಾತನಾಡಿ ಹೋಗುತ್ತಾನೆ. ಆ ವರ್ಷದ ಮೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ತಂದೆಯು ಚರ್ಚಿಗೆ ಹೋಗುವ ಕೋಟನ್ನು ತೊಟ್ಟು ಊಟದ ಮೇಜಿಗೆ ಬರುತ್ತಾನೆ. ಕೋಟಿನ ಎದೆಯ ಮೇಲೆ ಬಿಲ್ಲೆ. ಆಗಲೂ ಯಾರೂ ಮಾತನಾಡುವುದಿಲ್ಲ. ರೊಟ್ಟಿಗೆ ಬೆಣ್ಣೆ ಸವರುವ ಸದ್ದು ಮಾತ್ರ. ಈ ಮನೆ ಕಲ್ಪನೆಯದು. ಆದರೆ ಮಾತು ಬಾರದ ತಂದೆಯರು ಎಲ್ಲ ದೇಶಗಳಲ್ಲಿಯೂ ಇರುವುದರಿಂದ, ಅಚ್ಚುಕೂಟದವನು ಅವರ ಪರವಾಗಿ ಆಡಿಕೊಟ್ಟ ಮಾತೊಂದು ಬಿಲ್ಲೆಯಲ್ಲಿತ್ತೆಂದು ನಂಬಲು ಅಡ್ಡಿಯಿಲ್ಲ.

ಬಿಲ್ಲೆಗಳಲ್ಲಿ ಎರಡು ಬಗೆ. ಒಂದರ ಮೇಲೆ ಇಂಗ್ಲಿಷಿನ ‘ಯೆಸ್’, ಇನ್ನೊಂದರ ಮೇಲೆ ಐರಿಷ್ ನುಡಿಯ ‘ತಾ’. ಈ ಎರಡನೆಯದರ ಮುಂದೆ ಕನ್ನಡ ವಾಚಕರು ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡದ ಕಿವಿಗೆ ‘ತಾ’ ಎಂದರೆ ಕೊಡು, ತಂದುಕೊಡು. ಬೇಡುವವನ ಬಾಯಿಯ ಮಾತು. ಅದು ಕೇವಲ ಶಬ್ದದ ಆಕಸ್ಮಿಕ, ಆದರೆ ಸಂದರ್ಭಕ್ಕೆ ಒಪ್ಪುವ ಆಕಸ್ಮಿಕ. ಅದರ ನಿಜವಾದ ಅರ್ಥ ಬೇರೆ. ಐರಿಷ್ ನುಡಿಯಲ್ಲಿ ಇಂಗ್ಲಿಷಿನ ‘ಯೆಸ್’ಗೆ ಸಮನಾದ ಒಂದು ಪದವೇ ಇಲ್ಲ, ‘ನೋ’ ಎಂಬುದಕ್ಕೂ ಇಲ್ಲ. ಬಂದೆಯಾ ಎಂದು ಕೇಳಿದರೆ ಬಂದೆ ಎನ್ನಬೇಕು, ಕಂಡೆಯಾ ಎಂದರೆ ಕಂಡೆ ಎನ್ನಬೇಕು. ಪ್ರಶ್ನೆಯ ಕ್ರಿಯಾಪದವನ್ನೇ ಉತ್ತರವಾಗಿ ಹಿಂದಿರುಗಿಸುವುದು ಆ ನುಡಿಯ ಕ್ರಮ. ಕನ್ನಡಿಗರಿಗೆ ಇದು ಹೊಸದಲ್ಲ. ಊಟವಾಯಿತೇ ಎಂದರೆ ಆಯಿತು ಎನ್ನುವವರೇ ಇಲ್ಲಿ ಹೆಚ್ಚು. ‘ಹೌದು’ ಎಂಬ ಮಾತು ಕೂಡ ಮೂಲದಲ್ಲಿ ‘ಅಹುದು’, ಅಂದರೆ ಆಗುತ್ತದೆ ಎಂಬ ಕ್ರಿಯಾಪದವೇ.

ಐರ್ಲೆಂಡಿನ ಮತಪತ್ರವು ಎರಡು ನುಡಿಗಳಲ್ಲಿಯೂ ಅಚ್ಚಾಗುತ್ತದೆ. ಅದರ ಐರಿಷ್ ಪಾಠದಲ್ಲಿ ಉತ್ತರದ ಎರಡು ಚೌಕಗಳ ಬಳಿ ಇರುವ ಮಾತುಗಳು ‘ತಾ’ ಮತ್ತು ‘ನೀಲ್’. ‘ತಾ’ ಎಂದರೆ ಇದೆ, ‘ನೀಲ್’ ಎಂದರೆ ಇಲ್ಲ. ಕರಾವಳಿಯ ಕನ್ನಡದಲ್ಲಿ ಹೇಳುವುದಾದರೆ ಉಂಟು ಮತ್ತು ಇಲ್ಲ. ಸಮ್ಮತಿ ಉಂಟೋ ಎಂದು ಸರಕಾರವು ಕೇಳುತ್ತದೆ. ಉಂಟು ಎಂದೋ ಇಲ್ಲ ಎಂದೋ ಪ್ರಜೆಯು ಗುರುತು ಹಾಕುತ್ತಾನೆ. ಇಂಗ್ಲಿಷಿನ ‘ಯೆಸ್’ ಒಂದು ಒಪ್ಪಿಗೆಯ ಮಾತು, ಕೇಳಿದ್ದಕ್ಕೆ ತಲೆಯಾಡಿಸುವಿಕೆ. ‘ಉಂಟು’ ಹಾಗಲ್ಲ, ಅದು ಇರವನ್ನು ಸಾರುವ ಮಾತು. ಎದೆಯ ಮೇಲೆ ‘ಉಂಟು’ ಎಂದು ಬರೆದುಕೊಂಡು ಬೀದಿಯಲ್ಲಿ ನಡೆದವನು ಮತವನ್ನು ಕೇಳಿದನು, ಜೊತೆಗೆ ತಾನು ಈ ಊರಿನಲ್ಲಿ ಇರುವೆನೆಂದೂ ಹೇಳಿದನು. ಇಲ್ಲವೆಂಬಂತೆ ಬದುಕಿ ಅಭ್ಯಾಸವಾದವನಿಗೆ ಇದಕ್ಕಿಂತ ತಕ್ಕ ಮಾತನ್ನು ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಪ್ರಚಾರಕರು ಇಷ್ಟನ್ನೆಲ್ಲ ಯೋಚಿಸಿ ಅಚ್ಚು ಹಾಕಿಸಿದರೆಂದು ಹೇಳಬೇಕಾಗಿಲ್ಲ. ಹಳೆಯ ನುಡಿಗಳಲ್ಲಿ ಮಾತು ತನ್ನ ಕೆಲಸವನ್ನು ತಾನೇ ಮಾಡುವುದುಂಟು.

ಐರಿಷ್ ಪಾಠದ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಂವಿಧಾನದ ಎರಡು ಪಾಠಗಳಲ್ಲಿ ಭಿನ್ನತೆ ಕಂಡರೆ ಐರಿಷ್ ಪಾಠವೇ ಪ್ರಮಾಣವೆಂಬುದು ಅಲ್ಲಿನ ನಿಯಮ. ದಿನದ ವ್ಯವಹಾರದಲ್ಲಿ ಆ ನುಡಿಯನ್ನಾಡುವವರು ಬಹಳ ಕಡಿಮೆಯಾದರೂ ಹಾಗೆ. ಸರಕಾರವು ಮೊದಲು ಪ್ರಕಟಿಸಿದ ಐರಿಷ್ ವಾಕ್ಯವನ್ನು ಕೆಲವರು ಹಿಂಜಿ ನೋಡಿ, ಇದನ್ನು ಅಕ್ಷರಶಃ ಓದಿದರೆ ಗಂಡುಹೆಣ್ಣುಗಳ ಮದುವೆಗೇ ತೊಡಕು ಬರಬಹುದೆಂದು ಆಕ್ಷೇಪಿಸಿದರು. ಸರಕಾರವು ವಾಕ್ಯವನ್ನು ತಿದ್ದಿತು. ವ್ಯಾಕರಣದ ಪಂಡಿತರಿಗೆ ರಾಜಕಾರಣದಲ್ಲಿ ಇಷ್ಟು ಮರ್ಯಾದೆ ಸಂದುದು ಅಪೂರ್ವ.

ಬಿಲ್ಲೆಯು ಮನುಷ್ಯನ ಎದೆಯೆತ್ತರದಲ್ಲಿ ಮಾತನಾಡಿದರೆ ಭಿತ್ತಿಪತ್ರಗಳು ದೀಪದ ಕಂಬದ ಎತ್ತರದಿಂದ ಮಾತನಾಡಿದುವು. ಭಿತ್ತಿಪತ್ರವೆಂಬುದು ಹೆಸರಿಗೆ, ಗೋಡೆಗೆ ಅಂಟಿಸುವ ತೆಳುಕಾಗದವಲ್ಲ, ಮಳೆಗೆ ಜಗ್ಗದ ಪ್ಲಾಸ್ಟಿಕ್ ಹಲಗೆಯ ಮೇಲೆ ಅಚ್ಚು ಹಾಕಿ ಕಂಬಕ್ಕೆ ಬಿಗಿದವು. ಅವುಗಳ ಹುಟ್ಟು ಸಾವುಗಳೆರಡಕ್ಕೂ ಕಾನೂನಿದೆ. ಮತದಾನಕ್ಕೆ ಎಷ್ಟು ದಿನ ಮುಂಚಿತವಾಗಿ ಕಟ್ಟಬಹುದೆಂಬುದು ಗೊತ್ತು. ಮತದಾನವಾದ ಏಳು ದಿನಗಳೊಳಗೆ ಇಳಿಸಲೇಬೇಕು, ಇಲ್ಲವಾದರೆ ದಂಡ. ಪ್ರತಿಯೊಂದರ ಕೆಳಗೂ ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು ವಿಳಾಸಗಳು ಸಣ್ಣ ಅಕ್ಷರದಲ್ಲಿರಬೇಕು. ಆ ಸಣ್ಣ ಅಕ್ಷರದ ಸಾಲು ಸಂಗ್ರಹಕಾರರಿಗೆ ದೊಡ್ಡ ಅಕ್ಷರದ ಘೋಷಣೆಗಿಂತ ಹೆಚ್ಚು ಉಪಯುಕ್ತ. ಯಾರು ಯಾರಿಗಾಗಿ ಮಾತನಾಡಿದರೆಂಬುದಕ್ಕೆ ಅದೇ ಸಾಕ್ಷಿ. ಒಂದು ಪಕ್ಷದ ಪ್ರಚಾರಕ್ಕಾಗಿ ಸರಕಾರವು ಬೊಕ್ಕಸದ ಹಣವನ್ನು ಖರ್ಚು ಮಾಡಕೂಡದೆಂದು 1995ರಲ್ಲಿಯೇ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ವಿಧಿಸಿತ್ತು. ಆದುದರಿಂದ ಎರಡು ಕಡೆಯ ಕಾಗದಗಳೂ ಕೂಡಿಸಿದ ಚಂದಾಹಣದಿಂದಲೇ ಅಚ್ಚಾಗಬೇಕಾಯಿತು. ಇವೆರಡರ ನಡುವೆ, ಯಾವ ಕಡೆಗೂ ವಾಲದ ಮೂರನೆಯದೊಂದು ಕಿರುಹೊತ್ತಗೆಯನ್ನು ಮತಗಣನೆಯ ಆಯೋಗವು ಮನೆಮನೆಗೂ ಕಳುಹಿತು. ಹೊಗಳಿಕೆಯೂ ತೆಗಳಿಕೆಯೂ ಇಲ್ಲದ ಇಂಥ ಬರಹಗಳನ್ನು ಯಾರೂ ಕಾದಿಡುವುದಿಲ್ಲವೆಂಬುದು ದುಃಖದ ವಿಷಯ.

ವಿರೋಧಿಸಿದವರ ಕಾಗದಗಳನ್ನು ಹೇಳದೆ ಬಿಟ್ಟರೆ ಕಥೆ ಅರ್ಧವಾಗುವುದು. ಕ್ಯಾಥೊಲಿಕ್ ಬಿಷಪ್ಪರು ಮದುವೆಯ ಅರ್ಥವನ್ನು ವಿವರಿಸುವ ಕಿರುಪುಸ್ತಕವನ್ನು 2014ರ ಡಿಸೆಂಬರಿನಲ್ಲಿಯೇ ಚರ್ಚುಗಳಿಗೆ ಹಂಚಿಸಿದ್ದರು. ಬೀದಿಯ ಹಲಗೆಗಳ ಧಾಟಿ ಬೇರೆ. ಮಗುವಿಗೆ ತಾಯಿಯೂ ತಂದೆಯೂ ಬೇಕೆಂದು ಕೆಲವು ಹೇಳಿದುವು. ನಾಗರಿಕ ಸಹಭಾಗಿತ್ವವು ಇದ್ದೇ ಇರುವಾಗ ಮದುವೆಯ ಅರ್ಥವನ್ನೇಕೆ ಬದಲಿಸಬೇಕೆಂದು ಕೆಲವು ಕೇಳಿದುವು. ಕೊನೆಯ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೆಸರಿಗಾಗಿ ಇಷ್ಟು ಹೋರಾಟವೇಕೆ ಎಂದು ಒಳ್ಳೆಯ ಮನಸ್ಸಿನವರೂ ಕೇಳಿದ್ದುಂಟು. ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಅದನ್ನು ಕೊಡದಿರಲು ಇಷ್ಟು ಹಟವೇಕೆ ಎಂಬುದೇ ಅದಕ್ಕೆ ಉತ್ತರವಾದೀತು.

ಆ ಹಲಗೆಗಳಲ್ಲಿ ಒಂದರ ಗತಿ ವಿಚಿತ್ರವಾಯಿತು. ತಂದೆ ತಾಯಿಗಳಿಬ್ಬರೂ ಎಳೆಗೂಸನ್ನು ಮುದ್ದಿಸುತ್ತಿರುವ ಒಂದು ಚೆಲುವಾದ ಛಾಯಾಚಿತ್ರ ಅದರಲ್ಲಿತ್ತು. ಮಗುವಿಗೆ ಇವರಿಬ್ಬರೂ ಬೇಕಾದುದರಿಂದ ಸಮ್ಮತಿ ಇಲ್ಲ ಎನ್ನಿರಿ ಎಂಬುದು ಅದರ ಬೋಧೆ. ಚಿತ್ರವನ್ನು ಸಿದ್ಧಚಿತ್ರಗಳ ವ್ಯಾಪಾರಿಗಳಿಂದ ಕೊಂಡಿದ್ದರು. ಚಿತ್ರದಲ್ಲಿದ್ದ ದಂಪತಿಗಳಿಗೆ ಇದು ಬೇರೆ ಯಾರಿಂದಲೋ ತಿಳಿಯಿತು. ಅವರು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಮೂಲಕ ಹೇಳಿಕೆ ಕೊಟ್ಟು, ತಮ್ಮನ್ನು ಕೇಳದೆ ತಮ್ಮ ಮುಖಗಳನ್ನು ಬಳಸಿದ್ದಾರೆಂದೂ ತಮಗೆ ಮತವಿದ್ದರೆ ಒಪ್ಪಿಗೆಯ ಕಡೆಗೇ ಹಾಕುತ್ತಿದ್ದೆವೆಂದೂ ತಿಳಿಸಿದರು. ಆದರೂ ಅವರ ನಗುಮುಖಗಳು ಕಂಬಗಳ ಮೇಲಿನಿಂದ ಅವರು ನಂಬದ ಮಾತನ್ನು ಆಡುತ್ತಲೇ ಇದ್ದುವು. ಕಾಗದದ ಮೇಲೆ ಅಚ್ಚಾದ ಮುಖಕ್ಕೆ ತನ್ನ ಬಾಯಿ ತನ್ನದಲ್ಲ. ಆ ಹಲಗೆಯ ಒಂದು ಪ್ರತಿ ಎಲ್ಲಿಯಾದರೂ ಉಳಿದಿದ್ದರೆ, ಅದರ ಬೆನ್ನಿಗೆ ಆ ಹೇಳಿಕೆಯ ಒಂದು ಪ್ರತಿಯನ್ನೂ ಅಂಟಿಸಿಡಬೇಕು.

ಕಂಬಗಳ ಗಲಭೆಯ ನಡುವೆ ಮಾತೇ ಇಲ್ಲದ ಒಂದು ಕಾಗದವೂ ಡಬ್ಲಿನ್ನಿನಲ್ಲಿ ಕಾಣಿಸಿಕೊಂಡಿತು. ಜೋ ಕ್ಯಾಸ್ಲಿನ್ ಎಂಬ ಚಿತ್ರಕಾರರು ಏಪ್ರಿಲ್ ತಿಂಗಳಿನಲ್ಲಿ ಊರ ನಡುವಣ ಒಂದು ಮೂಲೆಕಟ್ಟಡದ ಗೋಡೆಯ ತುಂಬ, ಹಲವು ಅಂತಸ್ತುಗಳೆತ್ತರಕ್ಕೆ, ಇಬ್ಬರು ತರುಣರು ಒಬ್ಬರನ್ನೊಬ್ಬರು ತಬ್ಬಿ ನಿಂತ ರೇಖಾಚಿತ್ರವನ್ನು ಅಂಟಿಸಿದರು. ಬಣ್ಣವಿಲ್ಲ, ಘೋಷಣೆಯಿಲ್ಲ. ಮಳೆಗಾಳಿಗೆ ತಾನಾಗಿ ಹರಿದು ಹೋಗುವಂಥ ಕಾಗದ ಅದು. ಮಳೆಯ ದೇಶದಲ್ಲಿ ಅದರ ಆಯುಷ್ಯವೆಷ್ಟೆಂದು ಅಂಟಿಸಿದವರಿಗೆ ಗೊತ್ತಿತ್ತು. ಅನುಮತಿಯಿಲ್ಲದೆ ಕಟ್ಟಡದ ಮೇಲೆ ಚಿತ್ರ ಅಂಟಿಸಿದುದು ಕ್ರಮವಲ್ಲವೆಂದು ನಗರಸಭೆಗೆ ದೂರು ಹೋಯಿತು. ಕೆಲವು ದಿನಗಳಲ್ಲಿ ಅವರೇ ಗಾಲ್ವೆ ಪ್ರಾಂತದ ಒಂದು ಹಳೆಯ ಕೋಟೆಯ ಕಲ್ಲುಗೋಡೆಯ ಮೇಲೆ ಇಬ್ಬರು ಹೆಂಗಸರು ತಬ್ಬಿಕೊಂಡ ಇನ್ನೊಂದನ್ನು ಅಂಟಿಸಿದರು. ಶತಮಾನಗಳ ಕಲ್ಲಿನ ಮೇಲೆ ತಿಂಗಳೊಪ್ಪತ್ತಿನ ಕಾಗದ. ಆ ಚಳುವಳಿಯ ಅಚ್ಚಿನ ಮತ್ತು ಕಾಗದದ ವಸ್ತುಗಳಲ್ಲೆಲ್ಲ ಬಹುಶಃ ಇದೇ ಶ್ರೇಷ್ಠವಾದುದು. ಕೂಡಿಡುವವರ ಕೈಗೆ ಸಿಕ್ಕದೆ ಹೋದುದೂ ಇದೇ.

ಮತ ಕೇಳುವವರು ಬಿಲ್ಲೆ ಚುಚ್ಚಿಕೊಂಡು ಡಬ್ಲಿನ್ನಿನ ಬೀದಿಗಿಳಿದುದು 2015ರಲ್ಲಿ ಮೊದಲಲ್ಲ. ಹೆಂಗಸರಿಗೆ ಮತಾಧಿಕಾರ ಬೇಕೆಂದು ಬೇಡಿದವರು ನೂರು ವರ್ಷ ಮುಂಚೆಯೇ ಅದನ್ನು ಮಾಡಿದ್ದರು. ಅದಕ್ಕಾಗಿ 1908ರಲ್ಲಿ ಅಲ್ಲಿ ಹುಟ್ಟಿದ ಸಂಘದ ಸ್ಥಾಪಕರಲ್ಲಿ ಒಬ್ಬರು ಮಾರ್ಗರೆಟ್ ಕಸಿನ್ಸ್. ಈ ಹೆಸರು ಕನ್ನಡಿಗರಿಗೆ ಅಪರಿಚಿತವಾಗಬಾರದು. ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ ತಾಯ್ನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ ಜೇಮ್ಸ್ ಕಸಿನ್ಸರ ಪತ್ನಿ ಈಕೆ. 1915ರಲ್ಲಿ ಭಾರತಕ್ಕೆ ಬಂದು, 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಅದಕ್ಕೆ ಕೆಲವೇ ವರ್ಷ ಮುಂಚೆ, 1913ರ ಜನವರಿಯಲ್ಲಿ, ಹೆಂಗಸರ ಮತವನ್ನು ಕಡೆಗಣಿಸಿದರೆಂದು ಇವರು ಡಬ್ಲಿನ್ ಕ್ಯಾಸಲ್ಲಿನ ಕಿಟಕಿಯ ಗಾಜುಗಳನ್ನು ಒಡೆದು ಒಂದು ತಿಂಗಳು ಸೆರೆಮನೆಯಲ್ಲಿದ್ದರು. ಮಂಗಳೂರಿನ ಆ ಹುಡುಗಿಯರಿಗೆ ತಮ್ಮ ಮುಖ್ಯೋಪಾಧ್ಯಾಯಿನಿಯ ಈ ಪರಾಕ್ರಮ ಗೊತ್ತಿತ್ತೋ ಇಲ್ಲವೋ!

ಡಬ್ಲಿನ್ ಕ್ಯಾಸಲ್ ಆಗ ಆಂಗ್ಲ ಆಡಳಿತದ ಪೀಠ; 1922ರಲ್ಲಿ ಅದು ಐರ್ಲೆಂಡಿನವರ ಕೈಗೆ ಬಂತು. 2015ರ ಮೇ 23ರಂದು ಮತಗಣನೆಯ ಫಲವನ್ನು ಸಾರಿದುದು ಅಲ್ಲಿಯೇ. ಅಂಗಳದ ಬಾಗಿಲನ್ನು ಜನರಿಗೆ ತೆರೆದಿದ್ದರು. ಶೇಕಡ 60ಕ್ಕೆ ಸ್ವಲ್ಪ ಹೆಚ್ಚು ಮಂದಿ ಮತ ಹಾಕಿದ್ದರು. ಅವರಲ್ಲಿ ಶೇಕಡ 62.07 ಮಂದಿ ಉಂಟು ಎಂದಿದ್ದರು. ಲೆಕ್ಕದಲ್ಲಿ ಹೇಳುವುದಾದರೆ 12,01,607 ಮತಗಳು ಒಂದು ಕಡೆ, 7,34,300 ಮತಗಳು ಇನ್ನೊಂದು ಕಡೆ. 43 ಕ್ಷೇತ್ರಗಳಲ್ಲಿ ರಾಸ್ಕಾಮನ್-ದಕ್ಷಿಣ ಲೀಟ್ರಿಮ್ ಎಂಬ ಒಂದೇ ಒಂದು ಕ್ಷೇತ್ರ, ಅದೂ ಅಲ್ಪ ಅಂತರದಿಂದ, ಇಲ್ಲ ಎಂದಿತು. ಇಂಗ್ಲೆಂಡಿನಿಂದ ಹಡಗು ಹತ್ತಿ, ಇನ್ನೂ ದೂರದಿಂದ ವಿಮಾನ ಹತ್ತಿ, ಮತ ಹಾಕುವುದಕ್ಕೆಂದೇ ತವರಿಗೆ ಬಂದ ತರುಣ ತರುಣಿಯರು ಬಹಳ ಮಂದಿ. ದೂರದಲ್ಲಿರುವವರು ಅಂಚೆಯಲ್ಲಿ ಮತ ಕಳುಹುವ ಏರ್ಪಾಡು ಅಲ್ಲಿನ ಕಾನೂನಿನಲ್ಲಿ ಇರಲಿಲ್ಲ. ಅವರ ಹಡಗಿನ ಚೀಟಿಗಳೂ ಈ ಸಂಗ್ರಹಕ್ಕೆ ಸಲ್ಲಬೇಕಾದವೇ. ಅದೇ ದಿನ, ಅದೇ ಮತಗಟ್ಟೆಗಳಲ್ಲಿ, ರಾಷ್ಟ್ರಾಧ್ಯಕ್ಷರ ಕನಿಷ್ಠ ವಯಸ್ಸನ್ನು 35ರಿಂದ 21ಕ್ಕೆ ಇಳಿಸಬೇಕೇ ಎಂದೂ ಕೇಳಿದ್ದರು. ಅದಕ್ಕೆ ನೂರಕ್ಕೆ 73 ಮಂದಿ ಇಲ್ಲ ಎಂದರು. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಜನ ಅವರಲ್ಲವೆಂಬುದಕ್ಕೆ ಇಷ್ಟು ಸಾಕು.

ಗೆಲವಿನ ಗದ್ದಲದಲ್ಲಿ ಮರೆತುಹೋಗುವ ಒಂದು ನೋವು ಆ ಕರಪತ್ರಗಳಲ್ಲಿದೆ. ಅವುಗಳನ್ನು ಹಿಡಿದು ಮನೆಮನೆಯ ಬಾಗಿಲು ತಟ್ಟಿದವರಲ್ಲಿ ಅನೇಕರು ತಮ್ಮ ಮದುವೆಗಾಗಿಯೇ ತಟ್ಟಿದವರು. ಬಾಗಿಲು ತೆರೆದವರಲ್ಲಿ ಕೆಲವರು ನಗುತ್ತ ಒಳಗೆ ಕರೆದಾರು, ಕೆಲವರು ಕಾಗದವನ್ನು ಅಲ್ಲಿಯೇ ಹರಿದಾರು, ಬಹುಮಂದಿ ಯೋಚಿಸೋಣ ಎಂದಾರು. ತನ್ನ ಬಾಳಿನ ಅತ್ಯಂತ ಒಳಗಿನ ಸಂಗತಿಯನ್ನು, ಹೆಸರು ತಿಳಿಯದ ಗೃಹಸ್ಥನೊಬ್ಬನು ತನ್ನ ಹೊಸ್ತಿಲ ಮೇಲೆ ನಿಂತು ಯೋಚಿಸುವ ವಿಷಯವಾಗಿ ಮಾಡಿಕೊಳ್ಳುವುದು ಸುಲಭವಲ್ಲ. ಆ ಗೃಹಸ್ಥನ ಮದುವೆಯ ಕಾಲದಲ್ಲಿ ಯಾರೂ ಅವನಿಂದ ಇದನ್ನು ಕೇಳಿರಲಿಲ್ಲ. ಹಕ್ಕೆಂಬುದನ್ನು ಬಹುಮತದ ತಕ್ಕಡಿಯಲ್ಲಿ ತೂಗಲೇಬಾರದೆಂದು ವಾದಿಸಿದವರು ಗೆದ್ದ ಪಕ್ಷದಲ್ಲಿಯೂ ಇದ್ದರು. ಅವರ ಮಾತನ್ನು ಗೆಲವು ಸುಳ್ಳು ಮಾಡಲಿಲ್ಲ. ಬಾಗಿಲು ತಟ್ಟಿಸಿಕೊಂಡ ಗೃಹಸ್ಥನು ಆ ಐದು ನಿಮಿಷಗಳಲ್ಲಿ ಬದಲಾದದ್ದೂ ಉಂಟು, ನಿಜ. ಆದರೆ ಬೆಲೆಯನ್ನು ತೆತ್ತವರು ಬೇರೆಯವರು.

ಆಸ್ಟ್ರೇಲಿಯದಲ್ಲಿ 2017ರಲ್ಲಿ ಇದನ್ನೇ ಅಂಚೆಯ ಮೂಲಕ ಮಾಡಿದರು. ಮತದಾರರಿಗೆ ಸುಮಾರು 1 ಕೋಟಿ 60 ಲಕ್ಷ ಪ್ರಶ್ನಪತ್ರಗಳು ಹೋದುವು, ಶೇಕಡ 79.5 ಮಂದಿ ಉತ್ತರಿಸಿದರು. ಅವರಲ್ಲಿ ಶೇಕಡ 61.6 ಮಂದಿಯದು ಒಪ್ಪಿಗೆ. ಅಲ್ಲಿ ಒಂದೇ ಮನೆಯ ಅಂಚೆಪೆಟ್ಟಿಗೆಗೆ ತಂದೆಗೊಂದು ಪತ್ರ, ತಾಯಿಗೊಂದು ಪತ್ರ, ಮಗಳಿಗೊಂದು ಪತ್ರ ಬಿದ್ದಿರಬೇಕು. ಅದು ಮಗಳ ಬಾಳಿನ ಪ್ರಶ್ನೆಯೇ ಆಗಿದ್ದ ಮನೆಗಳೂ ಇದ್ದಿರಬೇಕು. ಉತ್ತರವನ್ನು ಲಕೋಟೆಯಲ್ಲಿಟ್ಟು ಹಿಂದಕ್ಕೆ ಕಳುಹಬೇಕಾದುದರಿಂದ, ಕಾದಿಡಲು ತಕ್ಕ ಕಾಗದವೇ ಜನರ ಕೈಬಿಟ್ಟು ಹೋಯಿತು. ಭಾರತದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಗೆ ಬರಲಿಲ್ಲ, ನ್ಯಾಯಪೀಠಕ್ಕೆ ಹೋಯಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮಲಿಂಗ ಪ್ರೇಮವು ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು, ಮದುವೆಯ ಹಕ್ಕನ್ನು ಕೊಡುವುದು ಶಾಸನಸಭೆಗೆ ಸೇರಿದ ಕೆಲಸವೆಂದು ಅರ್ಜಿಗಳನ್ನು ತಳ್ಳಿಹಾಕಿತು.

ಮೇ ತಿಂಗಳು ಮುಗಿಯುವುದರೊಳಗೆ ಐರ್ಲೆಂಡಿನ ಕಂಬಗಳು ಬರಿದಾಗಬೇಕಿತ್ತು. ಕಾನೂನಿನ ಏಳು ದಿನಗಳು ಕಳೆದಿದ್ದುವು. ಡಬ್ಲಿನ್ನಿನ ರಾಷ್ಟ್ರೀಯ ಪುಸ್ತಕಭಂಡಾರದವರು ಎರಡು ಪಕ್ಷಗಳ ಕರಪತ್ರಗಳನ್ನೂ ಕೂಡಿಸಿಟ್ಟುಕೊಂಡರು. ಅದೇ ಭಂಡಾರಕ್ಕೆ 2008ರಲ್ಲಿ, ಈ ಜನರ ಹಲವು ದಶಕಗಳ ಹೋರಾಟದ ಪತ್ರಗಳು, ಪತ್ರಿಕೆಗಳು, ಹಸ್ತಪ್ರತಿಗಳು ಒಂದು ದೊಡ್ಡ ಸಂಗ್ರಹವಾಗಿ ಬಂದು ಸೇರಿದ್ದುವು. ಅಪರಾಧಿಗಳೆಂದು ಎಣಿಸಲ್ಪಟ್ಟ ಕಾಲದಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ಸಾಗಿದ ಹಾಳೆಗಳೂ, ಲಕ್ಷಗಟ್ಟಲೆ ಅಚ್ಚಾಗಿ ಬಹಿರಂಗವಾಗಿ ಹಂಚಿದ ಹಾಳೆಗಳೂ ಒಂದೇ ಸೂರಿನಡಿ ಇವೆ. ಸೋತವರ ಹಾಳೆಗಳನ್ನು ಇಡುವುದೇತಕ್ಕೆ ಎಂದು ಕೇಳುವವರಿಗೆ ಭಂಡಾರಿಯ ಧರ್ಮ ತಿಳಿಯದು. ಅವುಗಳಿಲ್ಲದೆ ಹೋದರೆ ಇನ್ನೈವತ್ತು ವರ್ಷಗಳಲ್ಲಿ, ಇಷ್ಟು ಸರಳವಾದ ಮಾತಿಗೆ ಇಷ್ಟೊಂದು ಬಿಲ್ಲೆಗಳೇಕೆ ಬೇಕಾದುವೆಂದು ಮಕ್ಕಳಿಗೆ ಅರ್ಥವಾಗುವುದಿಲ್ಲ.

ಹೊಸ ಕಾನೂನು 2015ರ ನವೆಂಬರಿನಲ್ಲಿ ಜಾರಿಗೆ ಬಂದು, ಆ ತಿಂಗಳಿನಲ್ಲಿಯೇ ಮೊದಲ ಮದುವೆಗಳು ನಡೆದುವು. ಅವುಗಳಿಗೆ ಆಹ್ವಾನಪತ್ರಗಳು ಅಚ್ಚಾಗಿರಬೇಕು. ಭಂಡಾರಗಳು ಅವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅವು ಎಲ್ಲ ಮದುವೆಗಳ ಆಹ್ವಾನಪತ್ರಗಳಂತೆಯೇ ಇರುತ್ತವೆ. ದಿನ, ಹೊತ್ತು, ಸ್ಥಳ, ಎರಡು ಹೆಸರು. ಯಾವುದೋ ಮನೆಯ ಮೇಜಿನ ಸೆಳೆಖಾನೆಯಲ್ಲಿ ಅಂಥದೊಂದು ಪತ್ರವು, ಹಳೆಯ ಕೀಲಿಕೈಗಳು, ನಿಂತುಹೋದ ಗಡಿಯಾರ, ದಾರದ ಉಂಡೆ ಇವುಗಳ ನಡುವೆ ಬಿದ್ದಿರಬಹುದು. ಅದರ ಕೆಳಗೆ, ಪಿನ್ನಿಗೆ ತುಕ್ಕು ಹಿಡಿಯುತ್ತಿರುವ ಆ ಬಿಲ್ಲೆ.